ಕೊಯಮತ್ತೂರಿನ ಕಲ್ಲು, ಗೋದಾವರಿಯ ಮೂಳೆ

ಕೊಯಮತ್ತೂರು ಸೀಮೆಯಲ್ಲಿ ಬಾವಿ ತೋಡುವುದೆಂದರೆ ಮಣ್ಣಿನ ಕೆಲಸವಲ್ಲ, ಕಲ್ಲಿನ ಕೆಲಸ. ಮೇಲೆ ಒಂದಷ್ಟು ಕೆಮ್ಮಣ್ಣೋ ಎರೆಯೋ ಸಿಕ್ಕೀತು. ಆಮೇಲೆ ಬರೀ ಬಂಡೆ, ಮದ್ದಿಟ್ಟು ಸಿಡಿಸಬೇಕು. ಪಲ್ಲಡಂ ಕಡೆಯ ಜಲ್ಲಿ ಕ್ವಾರಿಗಳಲ್ಲಿ ಬಗ್ಗಿ ನೋಡಿದರೆ ಆ ಬಂಡೆಯ ಒಳಮೈ ಕಾಣುತ್ತದೆ: ಬೂದು ಬಣ್ಣ, ನಡುನಡುವೆ ಕಪ್ಪು ಬಿಳಿ ಪಟ್ಟೆ. ಆ ಪಟ್ಟೆ ಕೆರೆಯ ತಳದಲ್ಲಿ ಹೂಳು ಕೂತು ಆದ ಪದರವಲ್ಲ. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಹಿಟ್ಟಿನಂತೆ ನಾದಿಸಿಕೊಂಡ ಗುರುತು. ಭೂವಿಜ್ಞಾನಿಗಳು ಇದನ್ನು ನೀಸ್ ಎನ್ನುತ್ತಾರೆ.

ಈ ಬಂಡೆಯ ಮೇಲೆ ಮಗ್ಗ ಹೂಡಿದ ದೇವಾಂಗದವರು, ತೋಟ ಮಾಡಿದ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿಕೊಂಡು, ಬೀದಿಯಲ್ಲಿ ತಮಿಳು ಆಡಿಕೊಂಡು ಬದುಕಿದ್ದಾರೆ. ಆ ಮನೆಗಳ ಮಗುವೊಂದು ಪುಸ್ತಕದಲ್ಲಿ ಡೈನೋಸಾರಿನ ಚಿತ್ರ ನೋಡಿ "ನಮ್ಮೂರಲ್ಲೂ ಇತ್ತಾ?" ಎಂದು ಕೇಳಿದರೆ ಏನು ಹೇಳಬೇಕು? ಇದ್ದಿರಲೇಬೇಕು, ಆದರೆ ಅದರ ಒಂದು ಚೂರು ಮೂಳೆಯೂ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಈ ಬಂಡೆಯಲ್ಲಿ ಸಿಕ್ಕುವಂತಿಲ್ಲ. ಮೂಳೆ ಬೇಕೆಂದರೆ ಇಲ್ಲಿಂದ ಬಡಗಲಿಗೆ, ಗೋದಾವರಿಗೆ ಹೋಗಬೇಕು. ಹೀಗೇಕಾಯಿತು ಎಂಬುದೇ ಒಂದು ಕಥೆ.

ಮೊದಲು ಕಲ್ಲಿನ ಮಾತು ಮುಗಿಸೋಣ. ಕಾಂಗೇಯಂ ಹತ್ತಿರದ ಶಿವನ್‌ಮಲೈಯಲ್ಲಿ ಕುರುಂದದ ಕಲ್ಲು ಸಿಕ್ಕುತ್ತದೆ. ಇಂಗ್ಲಿಷಿನವರ 'ಕೊರಂಡಮ್' ಎಂಬ ಹೆಸರು ನಮ್ಮ ತೆಂಕಣ ನುಡಿಗಳ ಈ 'ಕುರುಂದ'ದಿಂದಲೇ ಹೋದದ್ದು. ಪಕ್ಕದ ಪಡಿಯೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅಕ್ವಾಮರೀನ್ ಎಂಬ ನೀಲಿ ಹರಳು ತೆಗೆದರು. ಸುತ್ತಲ ಗುಡ್ಡಗಳಲ್ಲಿ ಚಾರ್ನೊಕೈಟ್ ಎಂಬ ಕರಿಗಲ್ಲು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಗೆ ಮದರಾಸಿನ ಕಡೆಯಿಂದ ಒಯ್ದು ಹಾಸಿದ್ದ ಇದೇ ಜಾತಿಯ ಚಪ್ಪಡಿಯನ್ನು ಕಂಡು ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಆ ಹೆಸರಿಟ್ಟ. ಶಿವನ್‌ಮಲೈಯ ಕಲ್ಲುಗಳ ಬಗ್ಗೆ 1901ರಲ್ಲಿ ಬರೆದವನೂ ಅವನೇ. ಚಾರ್ನೊಕೈಟ್ ನೆಲದ ಮೇಲೆ ಆಗುವ ಕಲ್ಲಲ್ಲ, ಹತ್ತಾರು ಕಿಲೋಮೀಟರ್ ಆಳದಲ್ಲಿ ಬೆಂದು ಆಗುವಂಥದ್ದು. ಅದು ಇಂದು ನಮ್ಮ ಕಾಲಡಿಗೆ ಬಂದಿದೆ ಎಂದರೆ ಅದರ ಮೇಲಿದ್ದ ನೆಲವೆಲ್ಲ ತೊಳೆದುಹೋಗಿದೆ ಎಂದರ್ಥ. ಆ ಸವೆತದ ಬಹುಪಾಲು ಡೈನೋಸಾರ್ ಎಂಬ ಪ್ರಾಣಿ ಹುಟ್ಟುವ ಎಷ್ಟೋ ಮೊದಲೇ ನಡೆದುಹೋಗಿತ್ತು. ಆದರೆ ಸವೆತ ನಿಂತಿರಲಿಲ್ಲ, ಇವತ್ತಿಗೂ ನಿಂತಿಲ್ಲ. ಸವೆಯುವ ನೆಲದಲ್ಲಿ ಸತ್ತ ಪ್ರಾಣಿ ಮಣ್ಣಿನಡಿ ಹೂತುಹೋಗುವುದಿಲ್ಲ. ಬಿಸಿಲಿಗೆ ಒಣಗಿ, ಮಳೆಗೆ ಪುಡಿಯಾಗಿ ಹೊಳೆಯ ಪಾಲಾಗುತ್ತದೆ. ಮೇಡು ಕೊಡುತ್ತದೆ, ತಗ್ಗು ಇಟ್ಟುಕೊಳ್ಳುತ್ತದೆ. ಪಳೆಯುಳಿಕೆಯ ವಿಷಯದಲ್ಲಿ ಕೊಯಮತ್ತೂರು ಕೊಟ್ಟು ಕೊಟ್ಟು ಬರಿಗೈಯಾದ ಮೇಡು.

23 ಕೋಟಿ ವರ್ಷದ ಹಿಂದೆ ಈ ಮೇಡು ಎಲ್ಲಿತ್ತು? ಭೂಮಧ್ಯರೇಖೆಯ ತೆಂಕಣಕ್ಕೆ, ಎಲ್ಲ ಖಂಡಗಳೂ ಒಂದಕ್ಕೊಂದು ಅಂಟಿಕೊಂಡಿದ್ದ ಪ್ಯಾಂಜಿಯಾ ಎಂಬ ಮಹಾಖಂಡದ ಒಳನಾಡಿನಲ್ಲಿ. ಪಾಲ್ಘಾಟ್ ಕಣಿವೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕಡಲಿಲ್ಲ, ಕೇರಳದ ಆಚೆ ಮಡಗಾಸ್ಕರ್. ತೆಂಕಣಕ್ಕೆ ಅಂಟಾರ್ಕ್ಟಿಕಾ. ಇಂದು ನಾವು ಕಾಣುವ ಪಶ್ಚಿಮಘಟ್ಟದ ಅಂಚು ಇನ್ನೂ ಎದ್ದಿರಲಿಲ್ಲ. ಅದಕ್ಕೆ ಮಡಗಾಸ್ಕರ್ ಬಿಟ್ಟುಹೋಗಬೇಕಿತ್ತು, ಅದಾದದ್ದು ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ. ಹುಲ್ಲು ಇರಲಿಲ್ಲ. ಹೂವೂ ಇರಲಿಲ್ಲ. ತೆಂಗು, ಬಾಳೆ, ಹತ್ತಿ, ಜೋಳ ಯಾವುದೂ ಇಲ್ಲದ ಕೊಂಗುನಾಡನ್ನು ಕಣ್ಣಮುಂದೆ ತಂದುಕೊಳ್ಳುವುದೇ ಕಷ್ಟ. ಹೊಳೆಯಂಚಿನಲ್ಲಿ ಜರಿಗಿಡ, ಈಚಲಿನಂತೆ ಕಾಣುವ ಸೈಕಾಡ್, ದಿನ್ನೆಯ ಮೇಲೆ ಸೂಚಿಪರ್ಣಿ ಮರ. ಅಷ್ಟೇ ಹಸಿರು.

ಆ ಕಾಲದಲ್ಲಿ ಕುಸಿಯುತ್ತಿದ್ದ ತಗ್ಗು ಇದ್ದದ್ದು ಇಂದಿನ ಗೋದಾವರಿ, ಪ್ರಾಣಹಿತಾ ನದಿಗಳು ಕೂಡುವ ಸೀಮೆಯಲ್ಲಿ. ನೆಲ ಉದ್ದಕ್ಕೆ ಸೀಳಿ, ಆ ಸೀಳಿನ ಬುಡ ಕೋಟ್ಯಂತರ ವರ್ಷ ಮೆಲ್ಲಗೆ ಇಳಿಯುತ್ತಾ ಹೋಯಿತು. ಇಳಿದಷ್ಟೂ ಹೊಳೆಗಳು ಹೂಳು ತಂದು ತುಂಬಿದವು. ಮೊದಲು ಕಾಡು ಕೊಳೆತು ಸಿಂಗರೇಣಿಯ ಕಲ್ಲಿದ್ದಲಾಯಿತು. ಅದರ ಮೇಲೆ ಕೆಂಪು ಜೇಡಿ, ಮರಳು, ಸುಣ್ಣದ ಕಲ್ಲು ಪದರ ಪದರವಾಗಿ ಕೂತವು. ಆ ಪದರಗಳಲ್ಲಿ ಮಾಲೇರಿ, ಧರ್ಮಾರಂ, ಕೋಟ ಎಂಬ ಮೂರು ಹಳ್ಳಿಗಳ ಹೆಸರಿನವು ನಮ್ಮ ಕಥೆಗೆ ಬೇಕಾದವು. ಕೋಟ ಮಹಾರಾಷ್ಟ್ರದ ಸಿರೋಂಚ ಕಡೆಗೆ ಸೇರಿದ್ದು. ಮಾಲೇರಿ, ಧರ್ಮಾರಂ ತೆಲಂಗಾಣದ ಹಳೆಯ ಆದಿಲಾಬಾದ್ ಜಿಲ್ಲೆಯವು.

ಇಲ್ಲಿ ಮೂಳೆ ಇದೆ ಎಂದು ಮೊದಲು ತಿಳಿದದ್ದು ಮೂಳೆ ಹುಡುಕಿದವರಿಗಲ್ಲ. ಕಂಪನಿ ಸರಕಾರಕ್ಕೆ ಕಲ್ಲಿದ್ದಲು ಬೇಕಿತ್ತು. 1850ರ ಆಸುಪಾಸಿನಲ್ಲಿ ಕೋಟದ ಬಳಿ ಕಲ್ಲಿದ್ದಲು ಅರಸಿ ಹೋದವರ ಕೈಗೆ ಸುಣ್ಣಕಲ್ಲಿನ ಚಕ್ಕೆಗಳಲ್ಲಿ ಅಚ್ಚೊತ್ತಿದ ಮೀನು ಬಂತು, ಒಂದೊಂದು ಹುರುಪೆಯೂ ಎಣಿಸುವಂತೆ. ಅದೇ ಹೊತ್ತಿಗೆ ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಬೈಬಲ್ಲಿನ ಜೊತೆಗೆ ಸುತ್ತಿಗೆಯನ್ನೂ ಹಿಡಿದು ತಿರುಗುತ್ತಿದ್ದ. ಮಾಲೇರಿಯ ಕೆಂಪು ಜೇಡಿಯಲ್ಲಿ ಆತನಿಗೆ ಸೆರಾಟೋಡಸ್ ಎಂಬ ಶ್ವಾಸಕೋಶದ ಮೀನಿನ ಹಲ್ಲುಗಳು ಸಿಕ್ಕಿದವು. ಆಗ ಅದು ಹಲ್ಲು ಮಾತ್ರ ಉಳಿದ, ಎಂದೋ ಅಳಿದ ಮೀನು ಎಂದೇ ಜನ ನಂಬಿದ್ದರು. 1870ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಹೊಳೆಯಲ್ಲಿ ಅಂಥದೇ ಹಲ್ಲಿನ ಮೀನು ಜೀವಂತವಾಗಿ ಈಜುತ್ತಿದೆ ಎಂದು ಗೊತ್ತಾದಾಗ ಹಿಸ್ಲಪ್ ಇರಲಿಲ್ಲ. 1863ರ ಸೆಪ್ಟೆಂಬರಿನಲ್ಲಿ ಟಾಕಳಘಾಟದ ಕಲ್ಗೋರಿಗಳನ್ನು ನೋಡಿ ಮರಳುವಾಗ ಹೊಳೆ ದಾಟುತ್ತಾ ಮುಳುಗಿ ತೀರಿಕೊಂಡಿದ್ದ.

ಮಾಲೇರಿಯ ಇನ್ನು ಕೆಲವು ಮೂಳೆಗಳು ಲಂಡನ್ನಿಗೆ, ಥಾಮಸ್ ಹಕ್ಸ್ಲಿಯ ಮೇಜಿಗೆ ಹೋದವು. ಡಾರ್ವಿನ್ನನ ಪರವಾಗಿ ಜಗಳ ಆಡುತ್ತಿದ್ದ ಅದೇ ಹಕ್ಸ್ಲಿ. ಸ್ಕಾಟ್ಲೆಂಡಿನ ಎಲ್ಗಿನ್ ಊರಿನ ಕಲ್ಲಿನಿಂದ ಸಿಕ್ಕಿದ್ದ, ಗಿಣಿಯ ಹಾಗೆ ಬಾಗಿದ ಕೊಕ್ಕು, ಸಾಲುಸಾಲು ಅರೆಹಲ್ಲುಗಳಿದ್ದ ಹೈಪರೋಡಪೆಡಾನ್ ಎಂಬ ಸರೀಸೃಪವನ್ನು ಆತ ಆಗಲೇ ಬಲ್ಲ. 1869ರಲ್ಲಿ ನಿಜಾಮನ ರಾಜ್ಯದ ಮೂಳೆಗಳನ್ನು ನೋಡಿ ಇವೂ ಅದೇ ಪ್ರಾಣಿ ಎಂದ. ಎಲ್ಲಿಯ ಎಲ್ಗಿನ್, ಎಲ್ಲಿಯ ಮಾಲೇರಿ! ಕಡಲು ದಾಟಲಾರದ, ಕಾಲೆಳೆದುಕೊಂಡು ನಡೆಯುವ ಆ ಜೀವ ಎರಡೂ ಕಡೆ ಹೇಗೆ ಇತ್ತು ಎಂಬ ಪ್ರಶ್ನೆಗೆ ಆಗ ನೆಟ್ಟಗಿನ ಉತ್ತರ ಇರಲಿಲ್ಲ. ನಡುವೆ ಕಡಲೇ ಇರಲಿಲ್ಲ ಎಂಬ ಉತ್ತರ ಒಪ್ಪಿತವಾಗಲು ಇನ್ನೂ ನೂರು ವರ್ಷ ಬೇಕಾಯಿತು. 1881ರಲ್ಲಿ ರಿಚರ್ಡ್ ಲಿಡೆಕರ್ ಎಂಬ ಪಳೆಯುಳಿಕೆ ತಜ್ಞ ಮಾಲೇರಿಯ ಪ್ರಾಣಿಗೆ ಹಕ್ಸ್ಲಿಯ ಹೆಸರಿಟ್ಟ; 1885ರಲ್ಲಿ ಮೊಸಳೆಯಂಥ ಇನ್ನೊಂದನ್ನು ಮುಳುಗಿಹೋದ ಪಾದ್ರಿಯ ನೆನಪಿಗೆ ಪ್ಯಾರಾಸೂಕಸ್ ಹಿಸ್ಲಪಿ ಎಂದು ಕರೆದ. ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಅದೇ ಹೊತ್ತಿಗೆ ಕಣಿವೆಯ ಪೂರಾ ನಕ್ಷೆ ಮುಗಿಸಿದ. ಅಲ್ಲಿಗೆ ಕಥೆ ಹೆಚ್ಚುಕಡಿಮೆ ಮಲಗಿತು. ಸುಮಾರು ಎಪ್ಪತ್ತು ವರ್ಷ ಮಾಲೇರಿಯ ಮೂಳೆಗಳು ಮಳೆಗೆ ಹೊರಬಂದು, ಬಿಸಿಲಿಗೆ ಒಡೆದು, ಮತ್ತೆ ಮಣ್ಣಾದವು.

ಆ ಕಥೆಯನ್ನು ಎಬ್ಬಿಸಿದವರು ಭೂವಿಜ್ಞಾನಿಯಲ್ಲ, ಸಂಖ್ಯಾಶಾಸ್ತ್ರಜ್ಞ. ಪ್ರಶಾಂತಚಂದ್ರ ಮಹಲನೊಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು, ಪಂಚವಾರ್ಷಿಕ ಯೋಜನೆಯ ಲೆಕ್ಕ ಹಾಕಿದವರು. ಅವರಿಗೇಕೆ ಡೈನೋಸಾರ್ ಎಂದು ನಗಬಹುದು. ಆದರೆ ಅವರ ಹೆಸರಿನ ಪ್ರಸಿದ್ಧ ಸೂತ್ರ, 'ಮಹಲನೊಬಿಸ್ ದೂರ', ಹುಟ್ಟಿದ್ದೇ ಮನುಷ್ಯರ ತಲೆ, ಮೂಗು, ಮೈಯಳತೆಗಳನ್ನು ಹೋಲಿಸುವ ಕೆಲಸದಿಂದ. ಬದುಕಿರುವವರ ಎಲುಬಿನಲ್ಲಿ ಲೆಕ್ಕವಿದ್ದರೆ ಸತ್ತ ಪ್ರಾಣಿಗಳ ಎಲುಬಿನಲ್ಲೂ ಇರಬೇಕಲ್ಲ. 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಇಂಗ್ಲೆಂಡ್ ತೊರೆದು ಇದೇ ಸಂಸ್ಥೆ ಸೇರಿದರು. ಅದೇ ಹೊತ್ತಿನಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಪಮೇಲಾ ಲ್ಯಾಂಪ್ಲೂ ರಾಬಿನ್ಸನ್ ಎಂಬ ಮಹಿಳೆಯನ್ನು ಮಹಲನೊಬಿಸ್ ಕರೆಸಿದರು. ಆಕೆ ಬ್ರಿಸ್ಟಲ್ ಸುತ್ತಲ ಬಂಡೆ ಬಿರುಕುಗಳಲ್ಲಿ ಸಿಕ್ಕ, ಡೈನೋಸಾರುಗಳ ಮೊದಲ ಕಾಲವಾದ ಟ್ರಯಾಸಿಕ್ಕಿನ ಹಾರುಹಲ್ಲಿಗಳನ್ನು ಓದಿದವರು. ಸಂಸ್ಥೆಯಲ್ಲಿ ಭೂವಿಜ್ಞಾನದ ಒಂದು ಚಿಕ್ಕ ಘಟಕ ಹುಟ್ಟಿತು. ಅದನ್ನು ಸೇರಿದವರು ಸೋಹನ್ ಲಾಲ್ ಜೈನ್, ತಪನ್ ರಾಯ್ ಚೌಧುರಿ, ಟಿ. ಎಸ್. ಕುಟ್ಟಿ, ಆಮೇಲೆ ಶಂಕರ್ ಚಟರ್ಜಿ. ಭಾರತದಲ್ಲಿ ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆಯ ಅಧ್ಯಯನಕ್ಕೆ ಒಂದು ಮನೆತನ ಎಂಬುದಿದ್ದರೆ ಅದರ ತವರು ಇದು.

ಅವರು ಬಂದದ್ದು ಗೋದಾವರಿಗೆ. 1958ರಿಂದ ಕೋಟ ಪದರಗಳಲ್ಲಿ ಮೂಳೆ ಕಾಣತೊಡಗಿತು. 1960, 61ರಲ್ಲಿ ಪೋಚಂಪಳ್ಳಿ ಎಂಬ ಹಳ್ಳಿಯ ಬಳಿ ಭಂಡಾರವೇ ತೆರೆಯಿತು. (ಸೀರೆಯ ಪೋಚಂಪಳ್ಳಿ ಬೇರೆ. ನೇಯುವ ಮಂದಿಗೆ ಗೊಂದಲವಾದೀತೆಂದು ಹೇಳಿದೆ.) ಸುಮಾರು 276 ಚದರ ಮೀಟರ್, ಒಂದು ಮದುವೆ ಚಪ್ಪರದಷ್ಟು ಜಾಗ. ಅದರಲ್ಲಿ ಹತ್ತಿರ ಹತ್ತಿರ 300 ಮೂಳೆ, ನಡುವೆ ಕಲ್ಲಾದ ಮರದ ದಿಮ್ಮಿಗಳು. ಒಂದು ತೊಡೆಮೂಳೆಯೇ 1.7 ಮೀಟರ್, ನಿಂತ ಆಳಿನಷ್ಟು ಎತ್ತರ. ಬಂಗಾಳಿಯಲ್ಲಿ 'ಬಡೊ' ಎಂದರೆ ದೊಡ್ಡದು, 'ಪಾ' ಎಂದರೆ ಕಾಲು. ಅಗೆಯುವಾಗ ಬಾಯಿಗೆ ಬಂದ ಅಡ್ಡಹೆಸರೇ ನಿಂತಿತು: ಬರಾಪಾಸಾರಸ್. ನಮ್ಮ ಮಾತಿನಲ್ಲಿ ಹೇಳಿದರೆ ಹೆಗ್ಗಾಲ ಹಲ್ಲಿ. 1961 ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವದ ವರ್ಷವಾದ್ದರಿಂದ ಹೆಸರಿನ ಹಿಂದೆ ಟಾಗೋರೈ ಎಂದೂ ಸೇರಿತು. ಕವಿಯೊಬ್ಬರ ಹೆಸರು ಹೊತ್ತ ಡೈನೋಸಾರ್. ಬಂಗಾಳಿಗಳಿಗಲ್ಲದೆ ಇನ್ಯಾರಿಗೆ ಹೊಳೆದೀತು.

ಸಿಕ್ಕ ತೊಡೆಮೂಳೆಗಳ ಲೆಕ್ಕ ಹಿಡಿದರೆ ಅಲ್ಲಿ ಕನಿಷ್ಠ ಆರು ಪ್ರಾಣಿಗಳು ಸತ್ತಿದ್ದವು. ಮರದ ದಿಮ್ಮಿಯೂ ಮೂಳೆಯೂ ಒಟ್ಟಿಗೆ ಬಿದ್ದ ರೀತಿ ನೋಡಿ, ಮಂದೆಯೊಂದು ಯಾವುದೋ ಅನಾಹುತಕ್ಕೆ ಸಿಕ್ಕಿ ಸತ್ತು, ಹೆಣಗಳು ನೆರೆಯಲ್ಲಿ ತೇಲಿ ಬಂದು ಒಂದು ಕಡೆ ಸಿಕ್ಕಿಕೊಂಡು ಕೊಳೆತಿರಬೇಕು ಎಂದು ಸಂಶೋಧಕರು ಊಹಿಸಿದರು. ಮೂಳೆಯನ್ನು ಪ್ಲಾಸ್ಟರಿನಲ್ಲಿ ಸುತ್ತಿ ಕಲ್ಕತ್ತೆಗೆ ಸಾಗಿಸಿ, ಕಲ್ಲಿನಿಂದ ಬಿಡಿಸಿ, ಜೋಡಿಸುವುದರಲ್ಲಿ ವರ್ಷಗಳು ಕಳೆದವು. 1972ರಲ್ಲಿ ಮಹಲನೊಬಿಸ್ ತೀರಿಕೊಂಡರು. ಜೈನ್, ಕುಟ್ಟಿ, ರಾಯ್ ಚೌಧುರಿ, ಚಟರ್ಜಿ ಸೇರಿ 1975ರಲ್ಲಿ ಶಾಸ್ತ್ರೋಕ್ತವಾಗಿ ಹೆಸರಿಟ್ಟರು. 1977ರಲ್ಲಿ ಕಲ್ಕತ್ತೆಯಲ್ಲಿ ಅಂತರರಾಷ್ಟ್ರೀಯ ಗೊಂಡ್ವಾನ ಸಮ್ಮೇಳನ ನಡೆದ ಹೊತ್ತಿಗೆ ಸುಮಾರು 14 ಮೀಟರ್ ಉದ್ದದ ಅಸ್ಥಿಪಂಜರ ಸಂಸ್ಥೆಯ ಮ್ಯೂಸಿಯಂನಲ್ಲಿ ಎದ್ದು ನಿಂತಿತ್ತು. ನಮ್ಮ ದೇಶದಲ್ಲಿ ಡೈನೋಸಾರಿನ ಮೂಳೆ 1828ರಷ್ಟು ಹಿಂದೆಯೇ ಜಬಲ್ಪುರದಲ್ಲಿ ಸಿಕ್ಕಿತ್ತು. ಆದರೆ ಸಿಕ್ಕಿದ್ದು ಚೂರುಪಾರು. ಇಡಿಯ ಪ್ರಾಣಿ ಇಲ್ಲಿಯೇ ನಿಂತದ್ದು ಇದೇ ಮೊದಲು.

ಬರಾಪಾಸಾರಸ್ ದೊಡ್ಡದಾಗಿದ್ದರಿಂದ ಹೆಸರಾಯಿತು. ನನ್ನ ಮಟ್ಟಿಗೆ ಅದಕ್ಕಿಂತ ಸೋಜಿಗದ ಕಥೆ ಅದರ ಕೆಳಗಿನ ಪದರಗಳಲ್ಲಿದೆ, ಡೈನೋಸಾರುಗಳು ಇನ್ನೂ ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ಜೀವಗಳಾಗಿದ್ದ ಕಾಲದಲ್ಲಿ.

ಮಾಲೇರಿಯ ಕೆಳಪದರ ಸುಮಾರು 23 ಕೋಟಿ ವರ್ಷದ್ದು. ಅದಕ್ಕೂ ಎರಡು ಕೋಟಿ ವರ್ಷ ಹಿಂದೆ ಭೂಮಿಯ ಜೀವಗಳಲ್ಲಿ ಹೆಚ್ಚಿನವು ಒಮ್ಮೆಗೆ ಅಳಿದುಹೋಗಿದ್ದವು. ಉಳಿದವು ಖಾಲಿ ಮನೆಯಲ್ಲಿ ಹರಡಿಕೊಂಡಿದ್ದವು. ಕೆಂಪು ಜೇಡಿ, ನಡುವೆ ಸುಣ್ಣದ ಗುಂಡುಗಳು: ಅರ್ಧ ವರ್ಷ ಮಳೆ, ಅರ್ಧ ವರ್ಷ ಒಣಹವೆ ಇದ್ದ ನೆಲದ ಲಕ್ಷಣ. ಪ್ಯಾಂಜಿಯಾದಂಥ ಒಂದೇ ದೊಡ್ಡ ಖಂಡದ ಮೇಲೆ ಮುಂಗಾರಿನಂಥ ಮಳೆ ಆಡಿರಬೇಕು ಎಂದು 1973ರಲ್ಲಿ ವಾದ ಮಂಡಿಸಿದವರು ಇದೇ ಪಮೇಲಾ ರಾಬಿನ್ಸನ್. ಲಂಡನ್ನಿನ ಜಿಟಿಜಿಟಿ ಮಳೆಯಿಂದ ಬಂದಾಕೆ ಗೋದಾವರಿಯ ಮುಂಗಾರು ನೋಡಿದ ಮೇಲೆ ಆ ವಿಚಾರ ಹೊಳೆಯಿತೋ ಏನೋ. ಅದು ನನ್ನ ಊಹೆ. ಮುಂದೆ ಹವಾಮಾನದ ಕಂಪ್ಯೂಟರ್ ಲೆಕ್ಕಗಳು ಆ ವಾದವನ್ನು ಎತ್ತಿಹಿಡಿದವು.

ಆ ಬಯಲಿನ ಯಜಮಾನಿಕೆ ಯಾರದು? ಹೊಳೆಯಲ್ಲಿ ಪ್ಯಾರಾಸೂಕಸ್. ಮೊಸಳೆಯ ತದ್ರೂಪು, ಆದರೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿಲ್ಲ, ಕಣ್ಣಿನ ಹತ್ತಿರ. ಕೆಸರಿನಲ್ಲಿ ಚಪ್ಪಟೆ ತಲೆಯ ಪಾಂಥಸಾರಸ್ ಎಂಬ ಹೆಗ್ಗಪ್ಪೆಯ ನೆಂಟ. ದಡದಲ್ಲಿ ಗುಂಪುಗುಂಪಾಗಿ ಹೈಪರೋಡಪೆಡಾನ್, ಕೊಕ್ಕಿನಿಂದ ಗಿಡ ಕಿತ್ತು ಅರೆಯುತ್ತಾ. ಸಸ್ತನಿಗಳ ದೂರದ ದಾಯಾದಿಯಾದ ಎಕ್ಸೇರೆಟೊಡಾನ್ ಎಂಬುದೊಂದು. 1982ರಲ್ಲಿ ಚಟರ್ಜಿ ಅದಕ್ಕೆ ಇಟ್ಟ ಹೆಸರು 'ಸ್ಟ್ಯಾಟಿಸ್ಟಿಕೇ', ಅನ್ನ ಹಾಕಿದ ಸಂಖ್ಯಾಶಾಸ್ತ್ರ ಸಂಸ್ಥೆಯ ಋಣಕ್ಕೆ. ಅಗೆದಾಗ ಎರಡು ಪ್ಯಾರಾಸೂಕಸ್ ಅಸ್ಥಿಪಂಜರಗಳು ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿದವು. ಅವುಗಳ ಹೊಟ್ಟೆಯ ಜಾಗದಲ್ಲಿ ಇನ್ನೆರಡು ಪ್ರಾಣಿಗಳ ಮೂಳೆ, ಉದ್ದ ಕತ್ತಿನ ಹಲ್ಲಿಯಂಥವು. ತಿಂದವನ ಜೊತೆ ತಿಂದದ್ದೂ ಕಲ್ಲಾಗಿತ್ತು. ಆ ಕಡೆಯ ಊಟವೇ ಹೊಸ ಪ್ರಾಣಿ ಎಂದು ಗೊತ್ತಾಗಿ 1980ರಲ್ಲಿ ಅದಕ್ಕೆ ಮಾಲೇರಿಸಾರಸ್ ರಾಬಿನ್ಸನೇ ಎಂದು ಹೆಸರಿಟ್ಟರು. ಗುರುವಿನ ಹೆಸರನ್ನು ಮೊಸಳೆಯ ತುತ್ತಿಗೆ ಇಡುವುದು ಎಂಥ ಗೌರವ ಎಂದು ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ಈ ಸಂತೆಯಲ್ಲಿ ಡೈನೋಸಾರ್ ಎಂದು ಕರೆಯಬಹುದಾದದ್ದು ಒಂದೇ ಒಂದು, ಅದೂ ಪುಟ್ಟದು. 1987ರಲ್ಲಿ ಚಟರ್ಜಿ ಅದಕ್ಕೆ ಬ್ರಿಟಿಷ್ ವಿದ್ವಾಂಸ ಅಲಿಕ್ ವಾಕರ್ ನೆನಪಿಗೆ ವಾಕೇರಿಯಾ ಎಂದು ಹೆಸರಿಟ್ಟರು. ಆ ಹೆಸರು ಕಡಲಿನ ಪಾಚಿಯಂಥ ಒಂದು ಜೀವಿಗೆ ಮೊದಲೇ ಹೋಗಿತ್ತು. ಪ್ರಾಣಿಶಾಸ್ತ್ರದಲ್ಲಿ ಒಂದು ಹೆಸರು ಇಬ್ಬರಿಗಿಲ್ಲ. 1994ರಲ್ಲಿ ಹೆಸರು ತಿದ್ದಿ ಆಲ್ವಾಕೇರಿಯಾ ಎಂದಾಯಿತು. ತಕರಾರು ಅಲ್ಲಿಗೂ ಮುಗಿಯಲಿಲ್ಲ. ಒಂದೇ ಪ್ರಾಣಿಯದೆಂದು ಜೋಡಿಸಿದ ಮೂಳೆಗಳಲ್ಲಿ ತಲೆಬುರುಡೆ ಬೇರೆ ಸರೀಸೃಪದ್ದು, ತೊಡೆ ಮತ್ತು ಹರಡಿನ ಮೂಳೆ ಮಾತ್ರ ಡೈನೋಸಾರಿನವು ಎಂದು 2005ರಲ್ಲಿ ಇಬ್ಬರು ಜರ್ಮನ್ ಸಂಶೋಧಕರು ವಾದಿಸಿದರು. ಹಾಗಿದ್ದರೂ ಮಾಲೇರಿಯಲ್ಲಿ ಆಗ ಡೈನೋಸಾರ್ ಇತ್ತು ಎಂಬುದಕ್ಕೆ ಆ ಎರಡು ಕಾಲುಮೂಳೆಯೇ ಸಾಕು. ಇತ್ತು, ಆದರೆ ಮೂಲೆಯಲ್ಲಿತ್ತು. ದಡದ ಪೊದೆಗಳಲ್ಲಿ ಎರಡು ಕಾಲಿನ ಮೇಲೆ ಚುರುಕಾಗಿ ಓಡಾಡುತ್ತಾ, ಮೊಸಳೆಮೂತಿಯವರ ಕಣ್ಣು ತಪ್ಪಿಸಿಕೊಂಡು.

ಪದರದಿಂದ ಪದರಕ್ಕೆ ಮೇಲೇರಿದಂತೆ ಪಾತ್ರಗಳು ಬದಲಾಗುತ್ತವೆ. ಮಾಲೇರಿಯ ಮೇಲ್ಪದರ ಸುಮಾರು 22 ಕೋಟಿ ವರ್ಷದ್ದು. ಅಲ್ಲಿಗೆ ಕೊಕ್ಕಿನ ಹೈಪರೋಡಪೆಡಾನ್ ಕುಲದ ಕಾಲ ಮುಗಿಯುತ್ತಾ ಬಂದಿತ್ತು. ಗಿಡ ತಿನ್ನುವ ಜಾಗ ಖಾಲಿಯಾದಾಗ ಉದ್ದ ಕತ್ತಿನ ಡೈನೋಸಾರುಗಳು ಅಲ್ಲಿ ನಿಂತವು. ಜಕ್ಲಪಳ್ಳಿಸಾರಸ್, ನಂಬಾಲಿಯಾ: ಎರಡೂ ಅಲ್ಲಿಯ ಊರುಗಳ ಹೆಸರೇ, 2011ರಲ್ಲಿ ಇಟ್ಟದ್ದು. ಅವುಗಳನ್ನು ತಿನ್ನುವಂಥದ್ದೂ ಇತ್ತು. ಕುಟ್ಟಿಯವರ ಸಂಗ್ರಹದಲ್ಲಿದ್ದ ಮೂಳೆಗಳನ್ನು ಸಂಸ್ಥೆಯವರು ಅರ್ಜೆಂಟೀನದ ವಿದ್ವಾಂಸರ ಜೊತೆ ಮತ್ತೆ ಪರಿಶೀಲಿಸಿ 2025ರಲ್ಲಿ ಮಾಲೇರಿರಾಪ್ಟರ್ ಕುಟ್ಟಿಯಿ ಎಂಬ ಮಾಂಸಾಹಾರಿಯನ್ನು ಗುರುತಿಸಿದರು. ಅದರ ಹತ್ತಿರದ ಬಳಗ ಇರುವುದು ದಕ್ಷಿಣ ಮತ್ತು ಉತ್ತರ ಅಮೆರಿಕದಲ್ಲಿ. ದಶಕಗಟ್ಟಲೆ ಕಲ್ಕತ್ತೆಯ ಕಪಾಟಿನಲ್ಲಿ ಕೂತಿದ್ದ ಮೂಳೆಗೆ ಹೆಸರು ಸಿಗಲು ಇಷ್ಟು ಕಾಲ ಹಿಡಿಯಿತು. ಅಗೆಯುವುದು ಒಂದು ಚಳಿಗಾಲದ ಕೆಲಸ, ಓದುವುದು ಒಂದು ಜೀವಮಾನದ್ದು.

ಧರ್ಮಾರಂ ಪದರ ಇನ್ನೂ ಮೇಲಿನದು. ಅದರಲ್ಲಿ ಸಿಕ್ಕ, ಮೈ ಬೆಳೆಸಿಕೊಂಡ ಒಂದು ಸಸ್ಯಾಹಾರಿಗೆ 2007ರಲ್ಲಿ ಲ್ಯಾಂಪ್ಲೂಸಾರಾ ಎಂದು ಹೆಸರಿಟ್ಟರು. ರಾಬಿನ್ಸನ್ನರ ನಡುಹೆಸರು ಅದು, ಮೊಸಳೆ ತುತ್ತಿಗಿಂತ ಇದು ವಾಸಿ. ಆಕೆ 1994ರಲ್ಲೇ ತೀರಿಕೊಂಡಿದ್ದರು. ಅದೇ ಪ್ರಬಂಧದಲ್ಲಿ ಇನ್ನೊಂದು ಹೆಸರಿದೆ: ಪ್ರಧಾನಿಯಾ. ಇದು ಪ್ರಾಧ್ಯಾಪಕರ ಹೆಸರಲ್ಲ, ಸಂಸ್ಥೆಗಾಗಿ ಬಿಸಿಲಲ್ಲಿ ಬಗ್ಗಿ ಮೂಳೆ ಹೆಕ್ಕಿದ ಸಹಾಯಕ ಪ್ರಧಾನ್ ಅವರದ್ದು. ಪಳೆಯುಳಿಕೆಯ ಚರಿತ್ರೆಯಲ್ಲಿ ಹೆಕ್ಕಿದವರ ಹೆಸರು ಉಳಿಯುವುದು ಅಪರೂಪ, ಇಲ್ಲಿ ಉಳಿದಿದೆ.

ಈ ನಡುವೆ, 20 ಕೋಟಿ ವರ್ಷದ ಆಸುಪಾಸಿನಲ್ಲಿ, ಪ್ಯಾಂಜಿಯಾ ಬಿರಿಯತೊಡಗಿತು. ಇಂದು ಅಟ್ಲಾಂಟಿಕ್ ಇರುವಲ್ಲಿ ನೆಲ ಸೀಳಿ ಲಾವಾ ಹರಿಯಿತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು, ಕಾವೇರಿತು. ಪ್ಯಾರಾಸೂಕಸ್ ಬಳಗ ಪೂರ್ತಿ ಹೋಯಿತು, ಡೈನೋಸಾರ್ ಉಳಿಯಿತು. ಏಕೆ ಉಳಿಯಿತು ಎಂಬುದರಲ್ಲಿ ಇನ್ನೂ ಜಗಳವಿದೆ. ಮೇಲಾದ ಕಾಲು, ಮೇಲಾದ ಉಸಿರು ಎಂದು ಕೆಲವರು. ಬರೀ ಅದೃಷ್ಟ ಎಂದು ಕೆಲವರು. ಮಾಲೇರಿಯ ಮೂಲೆಯಲ್ಲಿ ಕೋಟ್ಯಂತರ ವರ್ಷ ಅವು ಯಾರನ್ನೂ ಗೆಲ್ಲದೆ ಕೂತಿದ್ದನ್ನು ನೋಡಿದರೆ ಎರಡನೆಯ ಮಾತಿಗೇ ನನ್ನ ಮನಸ್ಸು ವಾಲುತ್ತದೆ. ಗೆದ್ದದ್ದಲ್ಲ, ಎದುರಾಳಿ ಇಲ್ಲವಾದದ್ದು.

ಅಲ್ಲಿಂದ ಮೇಲೆ ಕೋಟ. ಕೆಂಪು ಜೇಡಿಯ ಬದಲು ಕೆರೆಯ ಸುಣ್ಣಕಲ್ಲು, ಅದರಲ್ಲಿ ಆ ಮೀನುಗಳು, ಹಾರುವ ಸರೀಸೃಪ, ಆಮೆ, ಇಲಿಯಷ್ಟು ಪುಟ್ಟ ಸಸ್ತನಿ. ಆ ಸಸ್ತನಿಯೊಂದರ ಹೆಸರು ಕೋಟಥೇರಿಯಂ ಹಾಲ್ಡೇನಿ, ಹಾಲ್ಡೇನರ ನೆನಪು. ಅವುಗಳ ತಲೆಯ ಮೇಲೆ ಕಂಬದಂಥ ಕಾಲುಗಳು: ಬರಾಪಾಸಾರಸ್, ಅದರ ಜೊತೆ ಕೋಟಸಾರಸ್. ಈ ಎರಡನೆಯದನ್ನು ಅಗೆದದ್ದು ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ. ಯಾಮನಪಳ್ಳಿಯ ಬಳಿ 840 ಮೂಳೆಗಳು, ಕನಿಷ್ಠ 12 ಪ್ರಾಣಿಗಳು. ಪಿ. ಯಾದಗಿರಿ 1988ರಲ್ಲಿ ವಿವರಿಸಿದರು. ಸುಮಾರು 9 ಮೀಟರಿನ ಅದರ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ತಿರುಪ್ಪೂರಿನಿಂದ ಕಲ್ಕತ್ತೆಗಿಂತ ಅದು ಹತ್ತಿರ.

ಕೋಟ ಪದರದ ವಯಸ್ಸಿನ ಬಗ್ಗೆಯೂ ಒಮ್ಮತವಿಲ್ಲ. ಮೀನುಗಳನ್ನು ಯೂರೋಪಿನ ಮೀನುಗಳ ಜೊತೆ ಹೋಲಿಸಿದವರು ಜುರಾಸಿಕ್ಕಿನ ಆದಿಭಾಗ ಎಂದರು, ಸುಮಾರು 19 ಕೋಟಿ ವರ್ಷ. ಸೂಕ್ಷ್ಮ ಚಿಪ್ಪು, ಪರಾಗ ನೋಡಿದವರು ಮೇಲ್ಭಾಗವಾದರೂ ಇನ್ನೂ ಈಚಿನದು ಎಂದರು. ಹೆಚ್ಚು ಮಂದಿ ಒಪ್ಪುವುದು ಮೊದಲ ಮಾತನ್ನೇ. ಹಾಗಿದ್ದರೆ ಮುಂದೆ ಲೋಕವನ್ನೆಲ್ಲ ಆಳಿದ ಭಾರಿ ಮೈಯ ಸಾರೋಪಾಡುಗಳ ಮೊದಮೊದಲ ತಲೆಮಾರು ಗೋದಾವರಿಯಲ್ಲಿದೆ. ಕೋಟಸಾರಸ್ ಆ ಕುಲದ ಒಳಗೋ ಹೊಸ್ತಿಲ ಮೇಲೋ ಎಂಬುದು ಪಂಡಿತರ ಚರ್ಚೆ; ನಮಗೆ ಹೊಸ್ತಿಲಾದರೂ ಸಾಕು.

ಕೊಯಮತ್ತೂರಿಗೆ ಇನ್ನೂ ಹತ್ತಿರದಲ್ಲಿ ಡೈನೋಸಾರ್ ಇಲ್ಲವೇ ಎಂದರೆ, ಇದೆ. ಆದರೆ ಅದು ಬಹಳ ಈಚಿನದು. ನೊಯ್ಯಲ್, ಅಮರಾವತಿ, ಭವಾನಿ ಮೂರೂ ಕಾವೇರಿಗೆ ಸೇರುತ್ತವೆ. ಕಾವೇರಿಯ ಬಡಗಲ ಬದಿಯ ಅರಿಯಲೂರು ಸೀಮೆ ಏಳು ಕೋಟಿ ವರ್ಷದ ಹಿಂದೆ ಕಡಲ ದಡವಾಗಿತ್ತು. ಅಲ್ಲಿಯ ಕಲ್ಲಮೇಡಿನಲ್ಲಿ ಸಿಕ್ಕ ಭಾರಿ ಮೂಳೆಗಳಿಗೆ ಇದೇ ಯಾದಗಿರಿ ಮತ್ತು ಅಯ್ಯಸಾಮಿ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಮೂಳೆಯೋ ಕಲ್ಲಾದ ಮರವೋ ಎಂದು ವಿವಾದವಾಯಿತು. ವಿವಾದ ತೀರುವ ಮೊದಲೇ ಮೂಳೆಗಳು ಪುಡಿಯಾಗಿ ಹೋದವು. ಉಳಿದದ್ದು ಚಿತ್ರ, ಫೋಟೋ. 2020ರಲ್ಲಿ ಪಕ್ಕದ ಪೆರಂಬಲೂರಿನ ಕುನ್ನಂ ಕೆರೆಯಲ್ಲಿ ಡೈನೋಸಾರ್ ಮೊಟ್ಟೆ ಸಿಕ್ಕಿತೆಂದು ಊರೆಲ್ಲ ಸುದ್ದಿಯಾಯಿತು. ಹೋಗಿ ನೋಡಿದ ಭೂವಿಜ್ಞಾನಿಗಳು ಅವು ಮೊಟ್ಟೆಯಲ್ಲ, ಕಡಲ ಅಮ್ಮೊನೈಟ್ ಚಿಪ್ಪಿನ ಸುತ್ತ ಹೂಳು ಗಟ್ಟಿಯಾಗಿ ಆದ ಉಂಡೆಗಳು ಎಂದರು. ಮೊಟ್ಟೆ ಎಂದ ದಿನ ನೆರೆದ ಜನ ಉಂಡೆ ಎಂದ ದಿನ ಬರಲಿಲ್ಲ.

ಕಲ್ಕತ್ತೆಗೆ ಹೋದವರು ಬರಾನಗರದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಹೆಗ್ಗಾಲಿನವನನ್ನು ಕೇಳಿಕೊಂಡು ಹೋಗಿ ನೋಡಿ. ನೋಡುವಾಗ ಒಂದು ಗಮನದಲ್ಲಿರಲಿ. ಆರು ಪ್ರಾಣಿಗಳ 300 ಮೂಳೆ ಸಿಕ್ಕರೂ ತಲೆಬುರುಡೆ ಒಂದೂ ಸಿಕ್ಕಿಲ್ಲ. ಉದ್ದ ಕತ್ತಿನ ತುದಿಯ ತಲೆ ಹಗುರ. ನೆರೆಯಲ್ಲಿ ಮೊದಲು ಕಳಚಿ ಹೋಗುವುದು ಅದೇ. ಪೋಚಂಪಳ್ಳಿಯಲ್ಲಿ ಅದರ ತಲೆಯದ್ದೆಂದು ಸಿಕ್ಕಿರುವುದು ಕೆಲವೇ ಹಲ್ಲು.